ಯಜಮಾನರ ಕಾರಿನ ಎಡಬಾಗಿಲು

ಒಬ್ಬ ಮನುಷ್ಯನನ್ನು ಡ್ರೈವರ್ ಸೀಟಿನಿಂದ ಎಬ್ಬಿಸಿ ಹಿಂದಿನ ಸೀಟಿನಲ್ಲಿ ಕೂರಿಸುವುದು ಎಷ್ಟು ಹೊತ್ತಿನ ಕೆಲಸ? ಒಂದು ಬಾಗಿಲು ಹಾಕಬೇಕು, ಇನ್ನೊಂದು ಬಾಗಿಲು ತೆಗೆಯಬೇಕು. ಅಷ್ಟೇ ತಾನೇ! ಪದವಿಪೂರ್ವ ಕಾಲೇಜಿನಲ್ಲಿ ಇಪ್ಪತ್ತೈದು ವರ್ಷ ಇತಿಹಾಸ ಪಾಠ ಮಾಡಿ, ಎಷ್ಟೋ ರಾಜರನ್ನು ಸಿಂಹಾಸನ ಹತ್ತಿಸಿ ಇಳಿಸಿದ ನನಗೆ ಇದೇನು ಮಹಾ ಎಂದುಕೊಂಡೆ.

ಆ ಮನುಷ್ಯ ನನ್ನ ಅಪ್ಪ, ನಂಜುಂಡಪ್ಪ. ವಯಸ್ಸು ಎಪ್ಪತ್ತಾರು. ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದ ಸಾಹುಕಾರರೊಬ್ಬರ ಬಳಿ ಇಡೀ ಸರ್ವಿಸ್ಸು ಡ್ರೈವರ್ ಆಗಿದ್ದವರು. ಅಪ್ಪನ ಬಾಯಲ್ಲಿ ಆ ಸಾಹುಕಾರರು ಇವತ್ತಿಗೂ 'ಯಜಮಾನ್ರು'. ಕೆಲಸದ ಕೊನೆಯ ಹನ್ನೊಂದು ವರ್ಷ ಅಪ್ಪ ಓಡಿಸಿದ್ದು ಯಜಮಾನರ ಕರಿಯ ಜರ್ಮನ್ ಕಾರು. ಅದು ಮೊದಲ ಸಲ ಗುಬ್ಬಿಗೆ ಬಂದ ದಿನ ಅಂಗಡಿಯವರೆಲ್ಲ ಹೊರಗೆ ಬಂದು ನಿಂತಿದ್ದರು. ಕಡಬದಿಂದ ಕಾಯಿ ಹೇರಿಕೊಂಡು ಬಂದ ರೈತರು ಗಾಡಿ ನಿಲ್ಲಿಸಿ, ಕಾರಿನ ಬಣ್ಣದಲ್ಲಿ ತಮ್ಮ ಮುಖ ನೋಡಿಕೊಂಡು ಮೀಸೆ ತಿದ್ದಿಕೊಂಡರಂತೆ.

ಆ ಕಾರಿನ ಮೇಲೆ ನನಗೆ ಮಾತ್ರ ಇಪ್ಪತ್ತು ವರ್ಷದ ಹಳೆಯ ಸಿಟ್ಟೊಂದು ಇತ್ತು. ನನ್ನ ಮದುವೆಯ ದಿನ, ಮುಹೂರ್ತಕ್ಕೆ ಇನ್ನೇನು ಹತ್ತು ನಿಮಿಷ ಇದೆ ಎನ್ನುವಾಗ, ಯಜಮಾನರ ಕಾರು ಛತ್ರದ ಮುಂದೆ ಬಂದು ನಿಂತಿತು. ಅಪ್ಪನಿಗೆ ರಜೆ ಇದ್ದುದರಿಂದ ಬೇರೆ ಯಾರೋ ಓಡಿಸಿಕೊಂಡು ಬಂದಿದ್ದರು. ಗಂಡಿನ ತಂದೆಯಾಗಿ ಹೊಸ ಶಲ್ಯ ಹೊದ್ದು ನನ್ನ ಪಕ್ಕ ನಿಂತಿದ್ದ ಅಪ್ಪ, ಕಾರು ಕಂಡದ್ದೇ ತಡ, ಶಲ್ಯವನ್ನು ಸೊಂಟಕ್ಕೆ ಸುತ್ತಿಕೊಂಡು ಓಡಿದರು. ಓಡಿ ಹೋಗಿ ಹಿಂದಿನ ಎಡಬಾಗಿಲು ತೆಗೆದು, ತಲೆ ಬಗ್ಗಿಸಿ ನಿಂತರು. ಹಸೆಮಣೆಯ ಮೇಲೆ ಕೂತಿದ್ದ ನಾನು ಅದನ್ನು ನೋಡಿದೆ. ನೋಡಿ ತುಂಬಾ ನೊಂದೆ. ಫೋಟೋಗಳಲ್ಲಿ ನನ್ನ ಮುಖ ಯಾಕೆ ಹಾಗಿದೆ ಎಂದು ನನ್ನ ಹೆಂಡತಿ ಗಿರಿಜ ಇವತ್ತಿಗೂ ಕೇಳುತ್ತಾಳೆ.

ಹೀಗಿರುವಾಗ ಮೊನ್ನೆ ಒಂದು ಲಗ್ನಪತ್ರಿಕೆ ಬಂತು. ಯಜಮಾನರು ಕುಣಿಗಲ್‌ಗೆ ಕೊಟ್ಟಿರುವ ಮಗಳ ಮಗಳಿಗೆ ಮದುವೆ. ಅದೇ ವಾರ ಶೆಟ್ಟಿಹಳ್ಳಿ ಕಡೆ ಹೋಗಿದ್ದವನಿಗೆ ಹಳೇ ಕಾರು ಮಾರುವವನ ಸೈಟಿನಲ್ಲಿ, ಹೊಂಗೆ ಮರದ ಕೆಳಗೆ, ಆ ಕಾರೇ ಕಣ್ಣಿಗೆ ಬಿತ್ತು! ನಂಬರು ಅದೇ. ಯಜಮಾನರ ನಂತರ ಒಬ್ಬ ಕಂಟ್ರಾಕ್ಟರ್, ಅವನ ನಂತರ ಮದುವೆಗಳಿಗೆ ಬಾಡಿಗೆ ಬಿಡುವವನು, ಈಗ ಯಾರೂ ಇಲ್ಲ. ನನ್ನ ತಲೆಯಲ್ಲಿ ತಕ್ಷಣ ಒಂದು ಮಹಾಯೋಜನೆ ಮೂಡಿತು. ಅದೇ ಕಾರು, ಅದೇ ಯಜಮಾನರು, ಅದೇ ಎಡಬಾಗಿಲು. ಬಾಗಿಲು ತೆಗೆಯುವವನು ನಾನು, ಇಳಿಯುವವರು ಅಪ್ಪ!

"ಬಲಗಡೆ ಹಿಂದಿನ ಡೋರು ಓಪನ್ ಆಗಲ್ಲ ಸಾರ್" ಅಂದ ಮಾರುವವನು. "ಒಂದ್ಸಲ ಏಟು ಬಿದ್ದಿತ್ತು. ಆದ್ರೆ ರೋಡ್ ಕಡೆ ಇಳಿಯೋದು ಡೇಂಜರ್ ಅಲ್ವಾ? ಒಂಥರಾ ಸೇಫ್ಟಿ ಅಂದ್ಕೊಳಿ."

ಅಂದುಕೊಂಡೆ. ಹೊಸ ಬೈಕಿನ ಬೆಲೆಗೆ ಒಂದು ಸಾಮ್ರಾಜ್ಯ ಸಿಗುವಾಗ ಒಂದು ಬಾಗಿಲಿನ ಬಗ್ಗೆ ಯಾರು ಚೌಕಾಸಿ ಮಾಡುತ್ತಾರೆ!

ಉಪ್ಪಾರಹಳ್ಳಿಯ ನಮ್ಮ ಮನೆಗೆ ಕಾರು ತಂದಾಗ ಮೊದಲು ಗೊತ್ತಾದದ್ದು ಅದರ ಉದ್ದ. ಮೂತಿ ತುಳಸಿಕಟ್ಟೆಗೆ ತಾಗಿದರೂ ಬಾಲ ಗೇಟಿನಾಚೆ ಎರಡಡಿ ರಸ್ತೆಯಲ್ಲೇ ಉಳಿಯಿತು. ಎದುರು ಮನೆಯ ಶಿವಣ್ಣ ಲುಂಗಿಯಲ್ಲೇ ಓಡಿ ಬಂದ. ಸುತ್ತ ಒಂದು ಪ್ರದಕ್ಷಿಣೆ ಹಾಕಿ ಗಂಭೀರವಾಗಿ ಕೇಳಿದ:

"ಯಾವ್ ಲೀಡರ್ದು ಸಾರ್ ಗಾಡಿ? ಗೆದ್ದೋರ್ದಾ, ಸೋತೋರ್ದಾ?"

ನಾನು ನಕ್ಕು ತಳ್ಳಿಹಾಕಿದೆ. ಆದರೆ ಆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಸಣ್ಣ ಕಾರು ಹಳತಾದರೆ ಜನ ಮರುಗುತ್ತಾರೆ. ಪಾಪ, ಎಷ್ಟು ದುಡಿದಿದೆ ಅನ್ನುತ್ತಾರೆ. ದೊಡ್ಡ ಕಾರು ಹಳತಾದರೆ ಒಳಗೊಳಗೇ ಖುಷಿಪಡುತ್ತಾರೆ, ಹಿಂಗೇ ಆಗಬೇಕಿತ್ತು ಅನ್ನುತ್ತಾರೆ. ಹೊಸದರಲ್ಲಿ ಅದು ಯಾರದೆಂದು ಕೇಳುವುದು ಗೌರವದಿಂದ, ಇಪ್ಪತ್ತು ವರ್ಷದ ಮೇಲೆ ಅದನ್ನೇ ಕೇಳುವುದು ಅನುಮಾನದಿಂದ. ಇನ್ನೊಂದು ಇಪ್ಪತ್ತು ವರ್ಷ ಉಳಿದರೆ ಅದೇ ಜನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಕಷ್ಟವೆಲ್ಲ ಇರುವುದು ನಡುವಿನ ಕಾಲದಲ್ಲಿ, ಹೊಸದೂ ಅಲ್ಲದ ಪುರಾತನವೂ ಅಲ್ಲದ ವಯಸ್ಸಿನಲ್ಲಿ. ಐವತ್ನಾಲ್ಕು ತುಂಬಿದ ನನಗೆ ಇದನ್ನು ಯಾರೂ ಪಾಠ ಮಾಡಬೇಕಾಗಿಲ್ಲ.

ಗಿರಿಜ ಕಾರು ನೋಡಿ, ನನ್ನನ್ನು ನೋಡಿ, ಮತ್ತೆ ಕಾರು ನೋಡಿದಳು.

"ಇದ್ಯಾಕ್ರೀ ಕಣ್ಣಿಗೆ ಪೊರೆ ಬಂದೈತೆ?"

ನಿಜ, ಹೆಡ್‌ಲೈಟುಗಳು ಹಳದಿಗಟ್ಟಿದ್ದವು. ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಹೊಳೆಯುತ್ತದೆ ಎಂದು ಮೊಬೈಲಿನಲ್ಲಿ ನೋಡಿದ್ದೆ. ಒಂದು ದೀಪ ಥಳಥಳ ಎನ್ನುವಷ್ಟರಲ್ಲಿ ಮನೆಯ ಪೇಸ್ಟ್ ಮುಗಿಯಿತು. ಹೊಸ ಟ್ಯೂಬು ತಂದರೆ ಗಿರಿಜ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಹೀಗಾಗಿ ಕಾರು ಒಂದೇ ಕಣ್ಣಿಗೆ ಆಪರೇಷನ್ ಮಾಡಿಸಿಕೊಂಡವರ ಹಾಗೆ ಉಳಿಯಿತು. ಅಪ್ಪನಿಗೂ ಒಂದೇ ಕಣ್ಣಿಗೆ ಆಗಿರುವುದರಿಂದ ನಾನು ಜಾಸ್ತಿ ಮಾತಾಡಲಿಲ್ಲ.

ಅಪ್ಪ ಹೊರಗೆ ಬಂದರು. ಕಾರಿನ ಬೆನ್ನ ಮೇಲೆ ಕೈಯಾಡಿಸಿದರು. ಹಿಂದಿನ ಎಡಬಾಗಿಲು ತೆಗೆದು, ಒಳಗಿನ ಹಿಡಿಯನ್ನು ಎರಡು ಸಲ ಅಲ್ಲಾಡಿಸಿ, ತಮ್ಮಷ್ಟಕ್ಕೆ ತಾವೇ ನಕ್ಕರು. ಏನೋ ಹಳೆಯ ನೆನಪು ಎಂದುಕೊಂಡೆ.

ಮದುವೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಕಾರು ನೆಲಕ್ಕೆ ಕೂತುಬಿಟ್ಟಿತ್ತು! ಚಕ್ರಗಳೇ ಕಾಣುತ್ತಿರಲಿಲ್ಲ. ನಾನು ಕಿರುಚಿದೆ. ಅಪ್ಪ ನಿಧಾನಕ್ಕೆ ಬಂದು ನೋಡಿದರು.

"ಯಾಕಪ್ಪ ಹಿಂಗ್ ಆಡ್ತೀಯ? ಇದ್ರದ್ದು ಸ್ಪ್ರಿಂಗ್ ಅಲ್ಲ, ಗಾಳಿ. ರಾತ್ರೆಲ್ಲ ಇಳ್ದೋಗದೆ. ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಸುಮ್ನೆ ಬುಡು, ಎದ್ದೇಳ್ತದೆ. ವಯಸ್ಸಾಗದೆ ಅಲ್ವಾ, ಏಳಕ್ಕೆ ಟೈಮ್ ತಗೊಳ್ತದೆ. ನಾನೂ ಹಂಗೇ."

ಹೇಳಿದ ಹಾಗೇ ಆಯಿತು. ಐದು ನಿಮಿಷದಲ್ಲಿ ಕಾರು ಮೊದಲು ಹಿಂಭಾಗ, ಆಮೇಲೆ ಮುಂಭಾಗ ಎತ್ತಿ ನಿಂತಿತು. ನಾನು ಎಡಬಾಗಿಲು ತೆಗೆದು, ಎದೆ ತುಂಬಿ, "ಹತ್ತಿ ಅಪ್ಪಾ" ಅಂದೆ.

"ನಾನ್ ಹಿಂದೇನಾ? ಬ್ಯಾಡ ಕಣಪ್ಪ. ಅಲ್ಲದೆ ಆ ಬಾಗ್ಲು..."

"ಇವತ್ತು ನೀವು ಏನೂ ಮಾತಾಡಂಗಿಲ್ಲ. ಇವತ್ತು ಯಜಮಾನ್ರು ನೀವು!"

ಅಪ್ಪ ಬಾಯಿ ಮುಚ್ಚಿಕೊಂಡು ಹತ್ತಿದರು. ಯಜಮಾನರ ಮಾತನ್ನು ಕೇಳಬೇಕು ಎನ್ನುವ ಸಾಮಾನ್ಯ ಜ್ಞಾನ ನನಗೆ ಹೊಳೆಯಲಿಲ್ಲ. ಹಿಂದೆ ಕೂತರೆ ವಾಂತಿಯಾಗುತ್ತದೆ ಎಂದು ಗಿರಿಜ ನನ್ನ ಪಕ್ಕ ಕೂತಳು.

ದಾರಿಯುದ್ದಕ್ಕೂ ಕನ್ನಡಿಯಲ್ಲಿ ಅಪ್ಪನನ್ನು ನೋಡುತ್ತಿದ್ದೆ. ಅವರು ಸೀಟಿನ ತುದಿಯಲ್ಲಿ, ಸರ್ಕಾರಿ ಕಚೇರಿಯ ಬೆಂಚಿನ ಮೇಲೆ ಕೂತವರಂತೆ ಕೂತಿದ್ದರು. ನಾನು ಬ್ರೇಕ್ ಹಾಕಿದಾಗಲೆಲ್ಲ ಅವರ ಬಲಗಾಲು ನೆಲ ಒತ್ತುತ್ತಿತ್ತು. ಹೆಬ್ಬೂರು ದಾಟಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪ ಹತ್ತಿತು. ಆಮೇಲೆ ಎರಡು. ಆಮೇಲೆ ದೀಪೋತ್ಸವ! ಎಷ್ಟು ತುಳಿದರೂ ಕಾರು ಎತ್ತಿನ ಗಾಡಿಯ ವೇಗ ಮೀರಲಿಲ್ಲ. ಒಬ್ಬ ಸೈಕಲ್‌ನವನು ನಮ್ಮನ್ನು ದಾಟಿ ಹೋಗುವಾಗ ಗಿರಿಜ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಧಾರೆ ಮುಗ್ದು, ಊಟಾನೂ ಮುಗ್ದು, ಹೆಣ್ಣು ಗಂಡಿನ ಮನೆಗೆ ಹೋದ್ಮೇಲೆ ನಾವು ಸೇರ್ತೀವಿ ಕಣ್ರೀ!"

ಹಿಂದಿನಿಂದ ಅಪ್ಪನ ದನಿ ಬಂತು. "ಸೈಡಿಗ್ ಹಾಕಿ ಆಫ್ ಮಾಡು. ತುಳಿದಷ್ಟೂ ಮುನಿಸ್ಕೊಳ್ತದೆ. ಬಾಗ್ಲು ತಗಿ, ನಾನ್ ನೋಡ್ತೀನಿ."

ನಾನು ಇಳಿದು ಬಾಗಿಲು ತೆಗೆದೆ. ಅಪ್ಪ ಡ್ರೈವರ್ ಸೀಟಿನಲ್ಲಿ ಕೂತು, ಸೀಟು ಹಿಂದೆ ಮುಂದೆ ಸರಿಸಿ, ಕನ್ನಡಿ ತಿದ್ದಿ, ಸುಮ್ಮನೆ ಒಂದು ನಿಮಿಷ ಕಾದರು. ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿದೆ, ಅದನ್ನು ರಿನ್ಯೂ ಮಾಡಿಸುವುದು ನಮ್ಮ ಮನೆಯ ಒಂದು ಹಬ್ಬ. ಕೀ ತಿರುಗಿಸಿದರು. ದೀಪಗಳೆಲ್ಲ ಆರಿದವು! ಕಾರು ಉಸಿರೇ ಬಿಡದಂತೆ ಹೊರಟಿತು. ಗಿರಿಜ ಮುಂದಿನ ಸೀಟು ಬಿಡಲಿಲ್ಲ. ನಾನು ಹಿಂದೆ ಕೂತೆ. ಕುಣಿಗಲ್ ಹತ್ತಿರ ಬಂದಾಗ ಸೀಟು ಬದಲಾಯಿಸಿಕೊಂಡರಾಯಿತು ಎಂಬುದು ನನ್ನ ಲೆಕ್ಕ. ಆದರೆ ಹಿಂದಿನ ಸೀಟು ಅದೆಷ್ಟು ಮೆತ್ತಗಿತ್ತೆಂದರೆ, ನಾನು ನಿದ್ದೆ ಹೋದೆ.

ಎಚ್ಚರವಾದದ್ದು ನಾದಸ್ವರಕ್ಕೆ. ಅಪ್ಪ ಹಳೆಯ ಅಭ್ಯಾಸದಲ್ಲಿ ಎಡಬಾಗಿಲು ಛತ್ರದ ಮೆಟ್ಟಿಲಿಗೆ ಸರಿಯಾಗಿ ಬರುವಂತೆ ನಿಲ್ಲಿಸಿದ್ದರು. ಪನ್ನೀರು ಹಿಡಿದ ಹುಡುಗಿಯರು, ಬೀಗರು, ನಡುವೆ ಕೋಲೂರಿಕೊಂಡು ಯಜಮಾನರು. ಗಿರಿಜ ಇಳಿದಳು. ಅಪ್ಪ ಎಂಜಿನ್ ಆಫ್ ಮಾಡಿದರು. ಈಗಲೂ ಕಾಲ ಮಿಂಚಿಲ್ಲ, ನಾನೇ ಮೊದಲು ಇಳಿದು ಅಪ್ಪನ ಬಾಗಿಲು ತೆಗೆದುಬಿಡುತ್ತೇನೆ ಎಂದು ಹಿಡಿ ಎಳೆದೆ.

ಬಾಗಿಲು ತೆರೆಯಲಿಲ್ಲ.

ಮತ್ತೆ ಎಳೆದೆ. ಹಿಡಿ ಸಡಿಲವಾಗಿ ಅಲ್ಲಾಡಿತು. ಬಲಬಾಗಿಲಂತೂ ಸೇಫ್ಟಿ! ಗಾಜಿನ ಗುಂಡಿ ಒತ್ತಿದೆ, ಎಂಜಿನ್ ನಿಂತಿದ್ದರಿಂದ ಗಾಜು ಇಳಿಯಲಿಲ್ಲ. ಮುಂದಿನ ಸೀಟುಗಳ ನಡುವೆ ನುಗ್ಗಲು ಹೋದೆ. ಹೊಟ್ಟೆ ಸಿಕ್ಕಿಕೊಂಡಿತು. ಬಿಡಿಸಿಕೊಂಡು ಮತ್ತೆ ಸೀಟಿಗೆ ಬೀಳುವಷ್ಟರಲ್ಲಿ ಐವತ್ತು ಜನ ಗಾಜಿನೊಳಗೆ ಬಗ್ಗಿ ನೋಡುತ್ತಿದ್ದರು.

ಆಗ ಅಪ್ಪ ಇಳಿದರು. ಶಲ್ಯವನ್ನು ಸೊಂಟಕ್ಕೆ ಸುತ್ತಿಕೊಂಡರು. ಕಾರಿನ ಹಿಂದಿನಿಂದ ಸುತ್ತಿ ಬಂದು, ಎಡಬಾಗಿಲು ತೆಗೆದು, ನನ್ನ ತಲೆ ತಾಗದ ಹಾಗೆ ಮೇಲೆ ಒಂದು ಕೈ ಅಡ್ಡ ಹಿಡಿದು, ತಲೆ ಬಗ್ಗಿಸಿ ನಿಂತರು.

"ಇಳೀಪ್ಪ."

ನಾನು ಇಳಿದೆ. ನನ್ನ ಮೇಲೆ ಪನ್ನೀರು ಬಿತ್ತು. ಯಜಮಾನರು ನನ್ನ ಕಡೆ ತಿರುಗಿಯೂ ನೋಡದೆ, ಕೋಲೂರಿಕೊಂಡು ಮೆಟ್ಟಿಲಿಳಿದು ಬಂದು ಅಪ್ಪನ ಹೆಗಲು ಹಿಡಿದುಕೊಂಡರು.

"ನಂಜುಂಡಾ! ನೀನ್ ಬಿಟ್ಟೋದ್ಮೇಲೆ ಈ ಗಾಡೀಲಿ ನಾನು ಎಷ್ಟು ಸಲ ಒಳಗೇ ಕೂತಿದೀನಿ ಗೊತ್ತೇನ್ಲಾ? ಅದ್ಕೇ ಮಾರಿದ್ದು!"

ಇಬ್ಬರೂ ನಕ್ಕರು. ನಗುತ್ತಲೇ ಯಜಮಾನರು ಅಪ್ಪನನ್ನು ಕರೆದುಕೊಂಡು ಹೋಗಿ ತಮ್ಮ ಪಕ್ಕ ಕೂರಿಸಿಕೊಂಡರು. ಊಟದಲ್ಲೂ ಪಕ್ಕದ ಎಲೆ. ನಾನು ಮೂರನೇ ಪಂಕ್ತಿಯಲ್ಲಿ, ಬಂದಿದ್ದ ಡ್ರೈವರ್‌ಗಳ ಜೊತೆ ಊಟ ಮಾಡಿದೆ.

ವಾಪಸ್ ಬರುವಾಗಲೂ ಅಪ್ಪನೇ ಓಡಿಸಿದರು. ನಾನು ಹಿಂದಿನಿಂದ ಕೇಳಿದೆ: "ಆ ಹಿಡಿ ಯಾವಾಗ ಕೆಟ್ಟದ್ದು?"

"ಮೊದಲ್ನೇ ವರ್ಷಾನೇ. ಯಜಮಾನ್ರಿಗೆ ಗೊತ್ತೇ ಇರ್ಲಿಲ್ಲ. ಅವ್ರು ಯಾವತ್ತೂ ಮುಟ್ಟಿಲ್ವಲ್ಲ. ಬಾಡ್ಗೇಗ್ ಹೋದ್ಮೇಲೂ ಗೊತ್ತಾಗಿರಲ್ಲ ಬುಡು, ಮದುವೆ ಗಂಡು ತಾನೇ ಬಾಗ್ಲು ತಗಿತಾನಾ?"

"ಹಂಗಾದ್ರೆ ನನ್ನ ಮದ್ವೇಲಿ..."

"ಇನ್ನೇನ್ ಮಾಡ್ಲಿ? ಹೊಸ ಡ್ರೈವರು, ಇಳ್ದವ್ನೇ ಸೀದಾ ಚಪ್ಪರದೊಳಕ್ಕೆ ಬಂದ. ನಾನ್ ಓಡ್ದಿದ್ರೆ ಯಜಮಾನ್ರು ನಿನ್ ಧಾರೆ ಗಾಜಿನೊಳಗಿಂದ್ಲೇ ನೋಡೋರು!"

ಇಪ್ಪತ್ತು ವರ್ಷ ಜೋಪಾನ ಮಾಡಿದ ಸಿಟ್ಟು ಒಂದು ಮುರಿದ ಹಿಡಿಯ ಮೇಲೆ ನಿಂತಿತ್ತು. "ಮತ್ತೆ ರಿಪೇರಿ ಮಾಡ್ಸಿ ಅಂತ ಯಾಕೆ ಹೇಳ್ಲಿಲ್ಲ?"

ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಯಾಕ್ ಹೇಳ್ಬೇಕು? ಅಷ್ಟು ದೊಡ್ಡ ಮನುಷ್ಯ, ಹನ್ನೊಂದು ವರ್ಷ, ನಾನ್ ಇಳಿಯಕ್ಕೆ ಬಿಟ್ಟಾಗ ಮಾತ್ರ ಇಳ್ದವ್ರೆ."

ಅಪ್ಪನಿಗೆ ಯಾವತ್ತೂ ಹಿಂದಿನ ಸೀಟು ಬೇಕಾಗಿರಲಿಲ್ಲ. ನಾಚಿಕೆಯಾಗಿದ್ದದ್ದು ನನಗೆ, ಅವರಿಗಲ್ಲ. ಇಷ್ಟು ಸಣ್ಣ ವಿಷಯ ಅರ್ಥವಾಗಲು ನನಗೆ ಇಷ್ಟು ಉದ್ದದ ಕಾರು ಬೇಕಾಯಿತು.

ಮನೆ ಬಂತು. ಅಪ್ಪ ಒಂದೇ ಸಲಕ್ಕೆ ಕಾರನ್ನು ಒಳಗಿಟ್ಟು, ಬಾಲ ಮಾತ್ರ ಹೊರಗೆ ಬಿಟ್ಟು, ಎಂಜಿನ್ ಆಫ್ ಮಾಡಿದರು. ಗಿರಿಜ "ಕಾಫಿ ಇಡ್ತೀನಿ ಬನ್ನಿ ಮಾವ" ಎಂದಳು. ಇಬ್ಬರೂ ಮದುವೆಯ ಮಾತಾಡಿಕೊಂಡು ಒಳಗೆ ಹೋದರು. ನಾನು ಗಾಜು ಬಡಿದೆ. ಕೂಗಿದೆ. ಜರ್ಮನಿಯವರು ಆ ಕಾರನ್ನು ಸದ್ದು ಹೊರಗೆ ಹೋಗದಂತೆ ಮಾಡಿದ್ದರು, ಅದೊಂದು ಮಾತ್ರ ಇಪ್ಪತ್ತೆರಡು ವರ್ಷವಾದರೂ ಕೆಟ್ಟಿರಲಿಲ್ಲ.

ಸ್ವಲ್ಪ ಹೊತ್ತಿಗೆ ಎದುರು ಮನೆಯ ಶಿವಣ್ಣ ಲುಂಗಿ ಎತ್ತಿ ಕಟ್ಟಿಕೊಂಡು ಬಂದ. ಹಿಂದಿನ ಸೀಟಿನಲ್ಲಿ ಯಾರೋ ಕೂತಿರುವುದು ಕಂಡಿತು. ಹಣೆಗೆ ಕೈ ಅಡ್ಡ ಹಿಡಿದು, ಗಾಜಿಗೆ ಮೂಗು ಒತ್ತಿ, ಜೋರಾಗಿ ಕೇಳಿದ:

"ಯಾರ್ ಸಾರ್ ಒಳಗಿರೋದು? ಸೋತೋರಾ?"

ಹೌದೆಂದು ತಲೆಯಾಡಿಸಿದೆ.