ಟ್ರೇಲರ್ ಮೇಲಿನ ಸವಾರಿ

ಮಾದಯ್ಯ: ಆಗಲ್ಲ ಅಂದ್ರೆ ಆಗಲ್ಲ ಕಣೇ. ಒಂದ್ ಸುತ್ತು ಹೋದ್ರೂ ಮೀಟರು ಮುಂದಕ್ಕೋಯ್ತದೆ.

ಪುಟ್ಟಲಿಂಗಮ್ಮ: ಕಾರು ಅಂದ್ಮೇಲೆ ಹೋಗ್ದೆ ಇನ್ನೇನು, ಅಲ್ಲೇ ಕುಂತಿದ್ದು ಮೊಟ್ಟೆ ಇಕ್ತದಾ?

ಮಾದಯ್ಯ: ಇದು ಕಾರಲ್ಲ. ಕಲೆಕ್ಷನ್ ಐಟಮ್ಮು. ಕಮ್ಮಿ ಓಡಿದಷ್ಟೂ ಬೆಲೆ ಜಾಸ್ತಿ.

ಪುಟ್ಟಲಿಂಗಮ್ಮ: ಹಂಗಾದ್ರೆ ನನಗೂ ಬೆಲೆ ಜಾಸ್ತಿನೇ ಇರ್ಬೇಕಲ್ಲ. ಈ ಮನೆ ಹೊಸಲು ಬಿಟ್ಟು ಎಲ್ಲಿಗೆ ಕರ್ಕಂಡೋಗಿದೀರ ನನ್ನ?

ಊಟಿ ಬೆಟ್ಟದ ಬುಡದ ಮಸಿನಗುಡಿಯಲ್ಲಿ ಗೊಬ್ಬರದಂಗಡಿ ಇಟ್ಟಿರುವ ಮಾದಯ್ಯ ಶೆಡ್ಡಿನೊಳಗಿನ ಕಾರಿನ ಮೂತಿ ಒರೆಸತೊಡಗಿದ. ಕೆನೆ ಬಣ್ಣದ, ಮೇಲೆ ಸೂರಿಲ್ಲದ ವಿಲಾಯಿತಿ ಕಾರು. ಒಂದು ಕಾಲದಲ್ಲಿ ಊಟಿಯ ಕುದುರೆ ರೇಸಿನ ದಿನ, ಗೆದ್ದವರನ್ನು ಕಪ್ಪಿನ ಸಮೇತ ಹಿಂದೆ ಕೂರಿಸಿಕೊಂಡು ಮೈದಾನ ಸುತ್ತಿಸುವುದು, ಮತ್ತೆ ಹೋಗಿ ಮಲಗುವುದು, ಇಷ್ಟೇ ಅದರ ಉದ್ಯೋಗವಾಗಿತ್ತು. ಅದರ ಮಾಲೀಕರಾದ ಎಸ್ಟೇಟಿನವರು ಎಲ್ಲ ಮಾರಿ ಹೊರಟಾಗ ಮಾದಯ್ಯ ಕೊಂಡ. ಲಾರಿಯಲ್ಲಿ ಹೇರಿ ತಂದು ಶೆಡ್ಡಿಗೆ ಸೇರಿಸಿದವನು ವಾರಕ್ಕೊಮ್ಮೆ ನಿಂತಲ್ಲೇ ಎಂಜಿನ್ ಗುರುಗುಟ್ಟಿಸಿ ಆರಿಸುತ್ತಿದ್ದನೇ ಹೊರತು ರಸ್ತೆಗೆ ಇಳಿಸಿರಲಿಲ್ಲ. ಸಂಜೆಯಾದರೆ ಆನೆ ಓಡಾಡುವ ಊರಿನಲ್ಲಿ ಸೂರಿಲ್ಲದ ಕಾರು ತಂದವನೆಂದು ಜನ ನಕ್ಕರು. ಅವರಿಗೇನು ಗೊತ್ತು ಬೆಲೆ ಅಂತ ಇವನು ಅವರನ್ನು ನೋಡಿ ನಕ್ಕ.

ಕೊನೆಗೂ ಗಿರಾಕಿ ಸಿಕ್ಕಿದ್ದ. ಕೊಯಮತ್ತೂರಿನ ಜಯರಾಮನ್ ಬಂದು ಬಸ್‌ಸ್ಟ್ಯಾಂಡಿನ ಟೀ ಅಂಗಡಿಯ ಮುಂದೆ ಕಾಯುತ್ತಿದ್ದ. ಅಲ್ಲಿಯವರೆಗೂ ಮೀಟರು ಅಲುಗಬಾರದೆಂದು ಮಾದಯ್ಯ ಆರುಮುಗಂನ ಟ್ರ್ಯಾಕ್ಟರು ಟ್ರೇಲರು ಕರೆಸಿದ್ದ.

ಪುಟ್ಟಲಿಂಗಮ್ಮ: ತಂದ ದಿನ ಏನಂದ್ರಿ? ನಿನ್ನ ಹಿಂದ್ಗಡೆ ಕೂರಿಸ್ಕಂಡು ಊಟಿ ರೇಸ್ ಮೈದಾನ ಸುತ್ತಿಸ್ತೀನಿ ಅಂದ್ರಿ.

ಮಾದಯ್ಯ: ಈಗಲೂ ಅಂತೀನಿ. ಮೀಟರು ಒಂದ್ ನಂಬರೂ ಅಲುಗ್ದಂಗೆ ಊಟಿಗೆ ಹೋಗೋ ದಾರಿ ಇದ್ರೆ ಹೇಳು, ಈವತ್ತೇ ಕರ್ಕಂಡೋಯ್ತೀನಿ.

ಪುಟ್ಟಲಿಂಗಮ್ಮ: ಮಾತು ಕೊಟ್ರಿ.

ಮಾದಯ್ಯ: ಕೊಟ್ಟೆ. ಈಗ ಆ ಕಡೆ ಸರಿ.

ಪುಟ್ಟಲಿಂಗಮ್ಮ ಸರಿಯಲಿಲ್ಲ. ಚಿಕ್ಕವಳಿದ್ದಾಗ, ಅಪ್ಪ ಬೆಳ್ಳುಳ್ಳಿ ಮೂಟೆ ಮಾರಲು ಊಟಿಗೆ ಹೋದಾಗ ಜೊತೆಯಲ್ಲಿ ಹೋಗಿ ಮೈದಾನದ ಬೇಲಿಗೆ ಮುಖ ಒತ್ತಿಕೊಂಡು ನಿಂತಿದ್ದವಳು ಅವಳು. ಇದೇ ಕಾರಿನಲ್ಲಿ ಕುಳಿತಿದ್ದ ಯಾರೋ ಅಮ್ಮಾವರು ಅವಳ ಕಡೆಗೇ ಕೈ ಬೀಸಿದ್ದರು. ಆ ಆಸೆ ಅವಳಿಗೆ ಇನ್ನೂ ಹೋಗಿರಲಿಲ್ಲ. ಇವತ್ತು ಕಾರು ಹೋದರೆ ಆಸೆಯೂ ಅದರ ಹಿಂದೆಯೇ ಹೋದಂತೆ.

ಪುಟ್ಟಲಿಂಗಮ್ಮ: ಅವತ್ತು ಕೋತಿ ಬಂದು ಹಿಂದಿನ ಸೀಟಲ್ಲಿ ಕುಂತಿತ್ತು. ಅದಕ್ಕಿರೋ ಯೋಗ್ಯತೆ ನನಗಿಲ್ವಾ?

ಮಾದಯ್ಯ: ಕೋತಿ ಕುಂತಾಗ ಕಾರು ನಿಂತಿತ್ತು.

ಪುಟ್ಟಲಿಂಗಮ್ಮ: ನಾನೂ ನಿಂತಿರೋ ಕಾರಲ್ಲೇ ಕುಂತ್ಕತೀನಿ. ಟ್ರೇಲರ್ ಮೇಲೆ ನಿಂತಿರ್ತದಲ್ಲ.

ಮಾದಯ್ಯ: ಸೀಟು ಸವೀತದೆ.

ಪುಟ್ಟಲಿಂಗಮ್ಮ: ಕೋತಿ ಹರಿದಿರೋ ಕಡೆ ನಾನು ಕುಂತ್ರೆ ಹರಿದಿರೋದು ಮುಚ್ಕತದೆ.

ಆರುಮುಗಂ: ಅಕ್ಕ ಹೇಳೋದು ಸರಿ ಅಣ್ಣ. ಗಿರಾಕಿ ಕಣ್ಣಿಗೆ ಬೀಳಲ್ಲ.

ಮಾದಯ್ಯ ಹರಿದ ಸೀಟನ್ನೊಮ್ಮೆ ನೋಡಿ ತಲೆಯಾಡಿಸಿದ. ಪುಟ್ಟಲಿಂಗಮ್ಮ ಒಳಗೆ ಹೋಗಿ ಧಾರೆ ಸೀರೆ ಉಟ್ಟುಕೊಂಡು ಬಂದಳು. ಹಲಗೆ ಇಟ್ಟು ನಾಲ್ಕು ಜನ ತಳ್ಳಿ ಕಾರನ್ನು ಮೇಲೇರಿಸಿದರು. ತಳ್ಳುವಾಗ ಚಕ್ರ ಉರುಳಿತಲ್ಲ ಎಂದು ಮಾದಯ್ಯ ಸಂಕಟಪಟ್ಟರೆ, ಇಳಿಸುವಾಗ ಹಿಂದಕ್ಕೆ ಉರುಳಿ ಸರಿಹೋಗುತ್ತದೆಂದು ಆರುಮುಗಂ ಸಮಾಧಾನ ಹೇಳಿದ. ಟ್ರ್ಯಾಕ್ಟರು ಹೊರಟಿತು. ಪುಟ್ಟಲಿಂಗಮ್ಮ ಬೀದಿಯ ಎರಡೂ ಕಡೆಗೆ ಕೈ ಬೀಸಿದಳು. ಬಸ್ಸಿಗೆ ಕಾಯುತ್ತಿದ್ದ ಮುದುಕಿ ಜೋಗಮ್ಮ ಅಷ್ಟು ಎತ್ತರದಲ್ಲಿ ಕೂತವರು ಯಾರೆಂದು ತಿಳಿಯದೆ ಕೈ ಮುಗಿದಳು.

ಟೀ ಅಂಗಡಿಯ ಮುಂದೆ ಜಯರಾಮನ್ ಲೋಟ ಕೆಳಗಿಟ್ಟ.

ಜಯರಾಮನ್: ಏನ್ ಸಾರ್, ವಂಡಿ ಓಡಲ್ವಾ?

ಮಾದಯ್ಯ: ಓಡ್ತದೆ ಸಾರ್. ಓಡ್ಸಬಾರ್ದು ಅಂತ ಹಿಂಗೆ ತಂದೆ.

ಜಯರಾಮನ್: ಓಡದೆ ಇರೋ ವಂಡಿ ಮಾರೋರೆಲ್ಲ ಹಂಗೇ ಹೇಳ್ತಾರೆ ಸಾರ್. ಅದರ ಮೇಲೆ ಅಮ್ಮನೋರ್ನ ಬೇರೆ ಕೂರ್ಸಿದೀರ.

ಮಾದಯ್ಯ: ಅದು ಸೀಟಿನ ಕತೆ, ಬುಡಿ.

ಜಯರಾಮನ್: ಓಡ್ಸಿ ತೋರ್ಸಿ. ಇಲ್ಲಾಂದ್ರೆ ನಾನು ಹೊರಟೆ.

ಮಾದಯ್ಯ ಎದೆ ಗಟ್ಟಿಮಾಡಿಕೊಂಡು ಕಾರು ಇಳಿಸಿದ. ಜಯರಾಮನ್ ಮುಂದೆ ಕೂತ.

ಮಾದಯ್ಯ: ಇಳಿಯೇ.

ಪುಟ್ಟಲಿಂಗಮ್ಮ: ನಾನಿಳಿದ್ರೆ ಹರಿದಿರೋದು ಕಾಣ್ತದೆ.

ಎಂಜಿನು ಕೆಮ್ಮಿ, ಗಂಟಲು ಸರಿಮಾಡಿಕೊಂಡು ಹೊರಟಿತು. ಮೋಯಾರ್ ರಸ್ತೆಯಲ್ಲಿ ಒಂದಷ್ಟು ದೂರ ಹೋಗಿ ತಿರುಗಿ ಬಂದರು. ಒಂದೊಂದು ಗುಂಡಿಗೂ ಬೆಲೆ ಎಷ್ಟು ಇಳಿಯಿತೆಂದು ಮಾದಯ್ಯ ಲೆಕ್ಕ ಹಾಕುತ್ತಿದ್ದ. ಹಿಂದೆ ಪುಟ್ಟಲಿಂಗಮ್ಮ ಸೆರಗು ಹಾರಿಸಿಕೊಂಡು ಕೂತಿದ್ದಳು, ಅವಳಿಗೆ ಖುಷಿಯೋ ಖುಷಿ. ಜಯರಾಮನ್ ಮಾತ್ರ ರಸ್ತೆ ನೋಡದೆ ಮೀಟರನ್ನೇ ನೋಡುತ್ತಿದ್ದ.

ಜಯರಾಮನ್: ವಂಡಿ ಜೋರಾಗಿದೆ ಸಾರ್. ಆದ್ರೆ ಮೀಟರಲ್ಲಿ ಒಂದು ನಂಬರೂ ಅಲುಗಲಿಲ್ಲ.

ಮಾದಯ್ಯ: ನೋಡಿದ್ರಾ, ಎಷ್ಟು ಜೋಪಾನವಾಗಿ ಇಟ್ಟಿದೀನಿ.

ಜಯರಾಮನ್: ಜೋಪಾನ ಅಲ್ಲ ಸಾರ್.

ಅವನು ಇಳಿದು, ಕರವಸ್ತ್ರ ಹಾಸಿ, ಕಾರಿನಡಿ ತಲೆ ಹಾಕಿ ಎದ್ದ.

ಜಯರಾಮನ್: ಮೀಟರಿನ ಕೇಬಲ್ ತುಂಡಾಗಿ ತುಕ್ಕು ಹಿಡಿದಿದೆ. ಇವತ್ತು ನಿನ್ನೆದಲ್ಲ. ಆ ಎಸ್ಟೇಟಿನವರು ದಿನಾ ಕನ್ಯಾಕುಮಾರಿಗೆ ಹೋಗಿ ಬಂದಿದ್ರೂ ಇದು ಹೇಳಲ್ಲ. ಕಮ್ಮಿ ಓಡಿದೆ ಅಂತ ನಾನು ಹೆಂಗೆ ನಂಬ್ಲಿ?

ಮಾದಯ್ಯ: ನಾನು ತಂದಾಗಿಂದ ರೋಡಿಗೇ ಇಳ್ಸಿಲ್ಲ ಸಾರ್. ಇವಳನ್ನೇ ಕೇಳಿ.

ಪುಟ್ಟಲಿಂಗಮ್ಮ: ಸತ್ಯ ಸಾರ್. ದೇವರ ಮುಂದೆ ಬೇಕಾದ್ರೂ ಹೇಳ್ತೀನಿ.

ಜಯರಾಮನ್: ಹೇಳ್ಬೇಕಾದ್ದು ಮೀಟರು ಅಮ್ಮಾ.

ಯೋಚನೆ ಮಾಡಿ ಫೋನ್ ಮಾಡುತ್ತೇನೆಂದು ಜಯರಾಮನ್ ಹೊರಟುಹೋದ. ಮಾದಯ್ಯ ಸ್ಟೇರಿಂಗು ಹಿಡಿದುಕೊಂಡೇ ಕುಳಿತ. ಇಷ್ಟು ವರ್ಷ ತಾನು ಕಾವಲು ಕಾದದ್ದು ಸತ್ತ ಮೀಟರನ್ನು ಎಂದು ಅವನಿಗೆ ನಾಚಿಕೆಯಾಯಿತು. ಹೆಂಡತಿ ನಗುತ್ತಾಳೆಂದು ಕಾದ. ಅವಳು ನಗಲಿಲ್ಲ.

ಮಾದಯ್ಯ: ಇಳಿ. ಆರುಮುಗಂ ಟ್ರೇಲರಿಗೆ ಏರಿಸ್ಲಿ.

ಪುಟ್ಟಲಿಂಗಮ್ಮ: ಏನಕ್ಕೆ?

ಮಾದಯ್ಯ: ಮನೆಗೆ.

ಆರುಮುಗಂ: ಹಲಗೆ ಇಡ್ಲಾ ಅಣ್ಣ?

ಪುಟ್ಟಲಿಂಗಮ್ಮ: ಬ್ಯಾಡ. ಮೀಟರು ಅಲುಗ್ದಂಗೆ ಊಟಿಗೆ ಹೋಗೋ ದಾರಿ ಕೇಳಿದ್ರಲ್ಲ, ಸಿಕ್ತು. ಕಲ್ಲಟ್ಟಿ ಘಾಟಿ ಕಡೆ ತಿರುಗ್ಸಿ.