ದೋಹಾ ವಲಯದ ಅಧ್ಯಕ್ಷರು

ಕೆಳಮನೆಯ ಪೊಡಿಯಬ್ಬ ಅಂಗಳದಲ್ಲಿ ಪ್ಲೈವುಡ್ ಹೊಡೆದು ಒಂದು ಕೋಣೆ ಎಬ್ಬಿಸಿದ್ದೇ ಎಲ್ಲದಕ್ಕೂ ಮೂಲ. ಪುರಸಭೆಯ ಅಧಿಕಾರಿ ಬಂದವನು ಗೇಟಿನಿಂದಲೇ ಅದನ್ನು ನೋಡಿ, ಕೆಡವಬೇಕೆಂದು ಹೇಳಿ ಹೋದ. ಮರುದಿನ ಬೆಳಿಗ್ಗೆ ಪೊಡಿಯಬ್ಬ ಮಹಡಿಯ ಆಲ್ಬರ್ಟನ ಬಾಗಿಲು ತಟ್ಟಿ, ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆಯೇ ಕರೆದ.

"ಪೊರ್ಬುಗಳೇ, ನೀವು ನಮ್ಮ ವಲಯಾಧ್ಯಕ್ಷರಲ್ವಾ? ನೀವೊಂದು ಮಾತು ಹೇಳಿದ್ರೆ ಆಗ್ತದೆ."

ಅಧ್ಯಕ್ಷನೇನೋ ಹೌದು. ಕನ್ನಡಿಗರ ಸಂಘ ತನ್ನ ಅನುಕೂಲಕ್ಕೆ ಊರನ್ನು ವಲಯಗಳಾಗಿ ಹಂಚಿಕೊಂಡು, ಇವರೆಲ್ಲ ಇದ್ದ ಅಲ್ ಗರಾಫಾವನ್ನು ದೋಹಾ ವಲಯಕ್ಕೆ ಸೇರಿಸಿತ್ತು. ಅಧ್ಯಕ್ಷನಿಗೆ ದೀಪ ಹಚ್ಚುವುದು, ಶಾಲು ಹೊದಿಸುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಇದನ್ನು ಹೇಳಿಬಿಡಬಹುದಿತ್ತು. ಆದರೆ ಒಳಗೆ ಹೆಂಡತಿ ರೋಸಿ ಕೇಳಿಸಿಕೊಳ್ಳುತ್ತಿದ್ದಳು.

ರೋಸಿ ಊರಿನಿಂದ, ಶಿರ್ವದಿಂದ, ಬಂದು ತಿಂಗಳಾಗಿತ್ತಷ್ಟೆ. ಏಷ್ಯನ್ ಗೇಮ್ಸ್ ಹೊತ್ತಿಗೆ ಬಾಡಿಗೆ ಆಕಾಶಕ್ಕೇರಿದಾಗ, ಮಹಡಿಯ ಹಾಲಿಗೆ ಹಲಗೆ ಗೋಡೆ ಎಳೆದು ಆಲ್ಬರ್ಟ್ ಒಂದು ಅಡುಗೆಮನೆ ಮಾಡಿದ್ದ. ಅದಿದ್ದುದರಿಂದಲೇ ಅವಳನ್ನು ಕರೆಸಿಕೊಂಡು ಸಂಸಾರ ಹೂಡಲು ಆಗಿತ್ತು.

"ನಮ್ಮದಕ್ಕೇನೂ ಆಗ್ಲಿಕ್ಕಿಲ್ಲ ಅಲ್ವಾ?" ಎಂದಳು ರೋಸಿ.

"ನಾನಿಲ್ವಾ?" ಎಂದು ಆಲ್ಬರ್ಟ್ ಟೈ ಕಟ್ಟಿಕೊಂಡ.

ಪಕ್ಕದ ಕೋಣೆಯ ಸಂಕಪ್ಪ ತನ್ನ ಪಿಕಪ್‌ನಲ್ಲಿ ಅವನನ್ನು ಪುರಸಭೆಯ ದೋಹಾ ಕಚೇರಿಗೆ ಮುಟ್ಟಿಸಿದ. ಕೌಂಟರಿನ ಮಲಯಾಳಿ ವಿಷಯ ಕೇಳಿ ಕೈ ಅಲ್ಲಾಡಿಸಿದ.

"ಗರಾಫಾ ನಮ್ಮದಲ್ಲ. ರಯ್ಯಾನ್ ಕಚೇರಿಗೆ ಹೋಗಿ."

"ನಾನು ದೋಹಾ ವಲಯದ ಅಧ್ಯಕ್ಷ."

"ಅದು ನಿಮ್ಮ ಸಂಘದ ದೋಹಾ, ಸಾರ್."

ಅಲ್ಲಿಂದಲೇ ಮನೆಗೆ ಹೋಗಿದ್ದರೆ ಚೆನ್ನಾಗಿತ್ತು. ಆ ಯೋಚನೆ ಆಲ್ಬರ್ಟನನ್ನು ಆಮೇಲೆ ಎಷ್ಟೋ ದಿನ ಸುಟ್ಟಿತು.

ರಯ್ಯಾನ್‌ನ ಅಧಿಕಾರಿ ಸಜ್ಜನ. ಕುರ್ಚಿ ಕೊಟ್ಟ, ಅರಬ್ಬೀ ಕಾಫಿ ಖಾವಾ ತರಿಸಿದ. ಯಾವ ಕಚೇರಿಯಲ್ಲೂ ಅಂಥ ಮರ್ಯಾದೆ ಕಾಣದ ಆಲ್ಬರ್ಟನ ನಾಲಿಗೆ ಹಿಂದಿಯಲ್ಲಿ ಸಲೀಸಾಗಿ ಹರಿಯಿತು.

"ಬರೀ ಅಂಗಳದ ಕೋಣೆ ಅಂತ ತಿಳೀಬೇಡಿ ಸಾರ್. ಮಹಡಿಯಲ್ಲೂ ನಾವೆಲ್ಲ ಹಲಗೆ ಗೋಡೆ ಹಾಕ್ಕೊಂಡೇ ಬದುಕ್ತಿದ್ದೇವೆ. ಎಲ್ಲರ ಪರವಾಗಿ ಬಂದಿದ್ದೇನೆ."

ಅಧಿಕಾರಿ ಲೋಟ ಕೆಳಗಿಟ್ಟ. "ಮಹಡಿಯಲ್ಲೂ ಇದೆಯಾ? ಯಲ್ಲಾ, ನಡೀರಿ, ನೋಡೋಣ."

ಪಿಕಪ್ಪಿನ ಹಿಂದೆಯೇ ಅವನ ಕಾರೂ ಬಂತು. ಅಂಗಳದಲ್ಲಿ ಕೋಣೆಯ ಸುಳಿವೇ ಇರಲಿಲ್ಲ. ಪೊಡಿಯಬ್ಬ ನೆಲ ಗುಡಿಸುತ್ತಿದ್ದ.

"ನೀವು ಬರುವುದು ತಡ ಆಯ್ತು ಪೊರ್ಬುಗಳೇ. ಸುಮ್ಮನೆ ರಗಳೆ ಯಾಕೆ ಅಂತ ತೆಗೆದೇಬಿಟ್ಟೆ."

ಅಧಿಕಾರಿ ಅವನ ಕೈ ಕುಲುಕಿ ಮಹಡಿ ಹತ್ತಿದ.

ಗಂಡನ ಮಾತಿಗೆ ಇಷ್ಟು ದೊಡ್ಡ ಮನುಷ್ಯ ಮನೆಗೇ ಬಂದನೆಂದು ರೋಸಿಗೆ ಹಿಗ್ಗೋ ಹಿಗ್ಗು. ಆ ಅಡುಗೆಮನೆಯಿಂದಲೇ ಚಹಾ ತಂದುಕೊಟ್ಟಳು. ಅವನು ಕುಡಿದು, ಗೋಡೆಗಳನ್ನೆಲ್ಲ ತಟ್ಟಿ ನೋಡಿ, ಆಲ್ಬರ್ಟನಿಗೆ ಹಿಂದಿಯಲ್ಲಿ ಮೆಲ್ಲಗೆ ಏನೋ ಹೇಳಿ ಇಳಿದುಹೋದ.

"ಪಾಪ, ಒಳ್ಳೆ ಜನ," ಎಂದಳು ರೋಸಿ. "ಏನು ಹೇಳಿದ್ರು?"

ಆಲ್ಬರ್ಟ್ ಅವಳ ಮುಖ ನೋಡಲಾರದೆ ಟೈ ಬಿಚ್ಚಿದ.

"ನಿನ್ನ ಸೂಟ್‌ಕೇಸ್ ಎಲ್ಲಿಟ್ಟಿದ್ದಿ?"