ಭಾವನ ಬಿಳಿ ಸೈನ್ಯ

ನಮ್ಮ ಭಾವನಷ್ಟು ಗಾಳಿಗೆ ಹೆದರುವ ಇನ್ನೊಬ್ಬ ಗಂಡಸನ್ನು ತೋರಿಸಿ, ಅರ್ಧ ಮೀಸೆ ಬೋಳಿಸಿಕೊಂಡು ಕಮರ್ಷಿಯಲ್ ಸ್ಟ್ರೀಟಿನ ಉದ್ದಕ್ಕೂ ನಡೆಯುತ್ತೇನೆ! ಹಲಸೂರಿನಲ್ಲಿ ನನ್ನ ಕೀಟಲೆಗೆ ಸಿಗದವರೇ ಇಲ್ಲ. ಆದರೆ ಅಕ್ಕನ ಗಂಡನ ವಿಷಯದಲ್ಲಿ ನಾನು ಶ್ರಮಪಡಬೇಕಾದ್ದೇ ಇಲ್ಲ, ಎಲ್ಲವನ್ನೂ ಅವರೇ ಒದಗಿಸುತ್ತಾರೆ.

ದೀಪಾವಳಿ ಕಳೆಯಿತೆಂದರೆ ಅವರ ಮನೆಯ ಕಿಟಕಿಗಳೆಲ್ಲ ಬಂದ್. ಸಂದುಗಳಿಗೆ ಹಳೆ ಕಾಲುಚೀಲ. ಬೀಗದ ಕಿಂಡಿಗೂ ಹತ್ತಿ!

“ಭಾವ, ಕೀ ಎಲ್ಲಿ ಹಾಕೋದು?”

“ಹತ್ತಿ ತೆಗ್ದು ಹಾಕು, ಆಮೇಲೆ ವಾಪಸ್ ತುರುಕು. ಅಷ್ಟೂ ಗೊತ್ತಾಗಲ್ವಾ?”

ಸಾಲದ್ದಕ್ಕೆ ನಡುಮನೆಯಲ್ಲಿ ಅಗ್ಗಿಷ್ಟಿಕೆ, ಅದರ ತುಂಬ ನಿಗಿನಿಗಿ ಕೆಂಡ. ಶಿವಾಜಿನಗರದ ಇದ್ದಿಲು ಅಂಗಡಿಯವನು ಒಮ್ಮೆ ವಿನಯದಿಂದಲೇ ಕೇಳಿದ: “ಸಾಬ್, ನಿಮ್ಮ ಕಬಾಬ್ ಅಂಗಡಿ ಎಲ್ಲಿ?” ಈರುಳ್ಳಿಯನ್ನೂ ಮುಟ್ಟದ ಭಾವ ಕೆಂಪಾದರು. ನಾನು ಬಿಡುತ್ತೇನೆಯೇ? “ಮನೇಲೇ ಇದೆ ಸಾಬ್. ಕಬಾಬೂ ಇವ್ರೇ!” ಎಂದೆ.

ಈ ಚಳಿಗಾಲದಲ್ಲಿ ಭಾವ ಮಾಮೂಲಿ ರಕ್ತಪರೀಕ್ಷೆ ಮಾಡಿಸಿಕೊಂಡರು. ಬಿಳಿ ರಕ್ತಕಣ ಹೆಚ್ಚಾಗಿದೆಯೆಂದು ಬಂತು. ಬೇರೆಯವರಾದರೆ ಹೆದರುತ್ತಿದ್ದರು. ಇವರು ಬೀದಿಗೆಲ್ಲ ಮೈಸೂರುಪಾಕು ಹಂಚಿದರು!

“ಬಿಳಿ ಕಣ ಅಂದ್ರೆ ಸೈನಿಕರು ಕಣೋ. ಕೆಂಡದ ಕಾವಿಗೆ ನನ್ನ ಸೈನ್ಯ ಬೆಳೆದಿದೆ!”

“ಹಾಗಾದ್ರೆ ಗಣರಾಜ್ಯೋತ್ಸವಕ್ಕೆ ಪರೇಡ್ ಮಾಡಿಸಿ ಭಾವ.”

ಅಕ್ಕ ಮಾತ್ರ ನಗದೆ ಹಣೆ ಒತ್ತಿಕೊಳ್ಳುತ್ತಾ ಕೂತಿದ್ದಳು. ಕೊನೆಗೆ ಅವಳೇ ಹಟಮಾಡಿ ನಮ್ಮಿಬ್ಬರನ್ನೂ ಡಾಕ್ಟರಮ್ಮನ ಬಳಿ ಎಳೆದೊಯ್ದಳು. ಭಾವ ಅವರ ಮುಂದೆಯೂ ಸೈನ್ಯದ ಬಡಾಯಿ ಕೊಚ್ಚಿದರು.

“ಸೈನ್ಯ ಸುಮ್ಸುಮ್ನೆ ಬೆಳೆಯಲ್ಲ ಯಜಮಾನ್ರೇ. ಒಳಗೆ ಏನೋ ಗಲಾಟೆ ಇರ್ಬೇಕು. ಜ್ವರ, ಕೆಮ್ಮು? ಸಿಗರೇಟು?”

“ಛೇ, ಛೇ! ಏನೂ ಇಲ್ಲ.”

“ತಲೆನೋವು?”

“ನಂಗೆ ಸ್ವಲ್ಪ. ಇವಳಿಗೆ ಜಾಸ್ತಿ, ಸಾಯಂಕಾಲ ಕಿಟಕಿ ಹಾಕಿದ್ಮೇಲೆ. ತಲೆಗೆ ಶೀತ ಏರುತ್ತಲ್ಲಾ! ಅದಕ್ಕೇ ತಲೆನೋವು ಅಂದಾಗೆಲ್ಲ ಇನ್ನೊಂದು ಹಿಡಿ ಇದ್ದಿಲು ಹಾಕ್ತೀನಿ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

“ಮುಚ್ಚಿದ ಮನೇಲಿ ಕೆಂಡಾನಾ? ಅದರಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ಬಸ್ಸಲ್ಲಿ ಟವೆಲ್ ಹಾಕಿ ಸೀಟು ಹಿಡಿಯೋ ಹಾಗೆ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡ್ಕೊಂಡ್ಬಿಡುತ್ತೆ. ಬಿಳಿ ಕಣ ಏರೋಕೆ ನೂರು ಕಾರಣ ಇರ್ತವೆ, ಇದೂ ಒಂದಾಗಿರಬಹುದು. ಇಬ್ಬರಿಗೂ ಈಗ್ಲೇ ಪರೀಕ್ಷೆ ಮಾಡೋಣ. ಆ ಕೆಂಡ ಮಾತ್ರ ಇನ್ನು ಬೇಡ್ವೇ ಬೇಡ. ಹೀಗೇ ಮಲಗಿ ಬೆಳಿಗ್ಗೆ ಏಳದೇ ಇರೋರೂ ಇದ್ದಾರೆ.”

ಭಾವ ಅಕ್ಕನತ್ತ ನೋಡಿದರು. ಅವರ ದನಿ ಸಣ್ಣಗಾಗಿತ್ತು.

“ಇವಳ ಕಾಲು ಮಂಜಿನ ಹಾಗಿರುತ್ತೆ ಡಾಕ್ಟ್ರೇ. ಚಳೀಲಿ ನಿದ್ದೇನೇ ಬರಲ್ಲ. ಅದಕ್ಕೇ ಹಚ್ತಿದ್ದೆ.”

ಇಷ್ಟು ವರ್ಷ ನಾನು ನಗಾಡಿದ್ದು ಯಾರ ಚಳಿಗೆ?

ಅಂದೇ ಅಗ್ಗಿಷ್ಟಿಕೆ ಗುಜರಿಗೆ ಹೋಯಿತು. ಅಕ್ಕನ ತಲೆನೋವು ಇಳಿಯಿತು. ಮುಂದಿನ ಪರೀಕ್ಷೆಯಲ್ಲಿ ಭಾವನ ಸೈನ್ಯವೂ ಬ್ಯಾರಕ್ಕಿಗೆ ಮರಳಿತ್ತು. ಒಂದು ಬೆಳಿಗ್ಗೆ ಹೋಗಿ ನೋಡುತ್ತೇನೆ, ಕಿಟಕಿಗಳೆಲ್ಲ ತೆರೆದಿವೆ! ಭಾವ ನೆಲದ ಮೇಲೆ ಕೂತು, ಅಂಗೈ ಉಜ್ಜಿ ಬಿಸಿಮಾಡಿ ಅಕ್ಕನ ಪಾದಕ್ಕೆ ಒತ್ತುತ್ತಿದ್ದಾರೆ.

“ಬಿಡ್ರೀ, ಕಚಗುಳಿ ಆಗುತ್ತೆ! ನೋಡಿ, ತಮ್ಮ ಬಂದ,” ಎಂದು ಅಕ್ಕ ಕಾಲೆಳೆದುಕೊಂಡಳು.

ಭಾವ ತಲೆ ಎತ್ತದೆಯೇ ಗದರಿದರು: “ಹಲ್ಲು ಕಿರಿದಿದ್ದು ಸಾಕು, ಬಾರೋ. ಆ ಇನ್ನೊಂದು ಕಾಲು ನೀನು ಹಿಡ್ಕೋ.”

ಕೂತೆ. ಅಂಗೈ ಉಜ್ಜಿಕೊಂಡೆ.